ಪಾಠ ಹೇಳುವ ಕೈ, ಹಾಸಿಗೆಯ ಬದಿಯ ಕೈ

ಕೆಲವು ವರ್ಷಗಳ ಹಿಂದಿನ ಮಾತು. ವಿಜಯನಗರದ ಕಲ್ಯಾಣಮಂಟಪವೊಂದರಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಊಟದ ಪಂಕ್ತಿಗಾಗಿ ಕಾಯುತ್ತ ಕುಳಿತಿದ್ದಾಗ ನಮ್ಮ ಸೋದರಮಾವನವರು ವರನ ಕಡೆಯ ಹಿರಿಯರೊಬ್ಬರಿಗೆ ನಮ್ಮನ್ನು ಪರಿಚಯಿಸಿದರು. "ಇವಳು ನಮ್ಮ ಅಕ್ಕನ ಮಗಳು. ನರ್ಸ್ ಅಲ್ಲ, ನರ್ಸಿಂಗ್ ಕಾಲೇಜಿನಲ್ಲಿ ಪ್ರೊಫೆಸರು" ಎಂದರು. ಆ ಹಿರಿಯರು ಗೌರವದಿಂದ ಕೈಮುಗಿದರು. ನಾವೂ ಕೈಮುಗಿದು ನಕ್ಕು ಸುಮ್ಮನಾದೆವು. ಆದರೆ ಮನೆಗೆ ಬಂದ ಮೇಲೆ ಆ 'ಅಲ್ಲ' ಎಂಬ ಎರಡಕ್ಷರ ಮನಸ್ಸಿನಿಂದ ಇಳಿಯಲಿಲ್ಲ. ಶುಶ್ರೂಷೆಯನ್ನು ಕಲಿಸುವವರು ಶುಶ್ರೂಷೆ ಮಾಡುವವರಲ್ಲ ಎಂಬುದು ನಮ್ಮ ಹೆಗ್ಗಳಿಕೆಯಾದದ್ದು ಯಾವಾಗ? ಅದನ್ನು ನಾವೇ ಒಪ್ಪಿಕೊಂಡು ಎಷ್ಟು ವರ್ಷವಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಕಂಡದ್ದನ್ನು ಓದುಗ ಬಂಧುಗಳ ಮುಂದೆ ಇಡುವುದು ಈ ಬರಹದ ಉದ್ದೇಶ.

ನಾವು ಹುಟ್ಟಿ ಬೆಳೆದದ್ದು ತಿಪಟೂರು ಸೀಮೆಯ ಒಂದು ಹಳ್ಳಿಯಲ್ಲಿ. ನರ್ಸಿಂಗ್ ಓದುತ್ತೇವೆಂದು ಹೇಳಿದಾಗ ಮನೆಯಲ್ಲಿ ದೊಡ್ಡ ಗದ್ದಲವೇ ಆಯಿತು. "ಕಂಡವರ ಮಲಮೂತ್ರ ಎತ್ತುವ ಕೆಲಸಕ್ಕೆ ನಮ್ಮ ಮನೆಯ ಹೆಣ್ಣುಮಗಳನ್ನು ಕಳಿಸುವುದೇ?" ಎಂದು ದೊಡ್ಡಪ್ಪನವರು ಕೂಗಾಡಿದರು. ಊರ ಮಠದ ಅಯ್ಯನವರು ಅಂದು ಜಗಲಿಯ ಮೇಲೆ ಕುಳಿತಿದ್ದವರು, "ಕಾಯಕದಲ್ಲಿ ಮೇಲು ಕೀಳು ಎಣಿಸುವವರು ಶರಣರ ಹೆಸರು ಹೇಳಬಾರದಪ್ಪ. ನೀವು ಮಲಗಿದಾಗ ಎತ್ತುವ ಕೈ ಯಾರದೆಂದು ಯೋಚಿಸಿ" ಎಂದರು. ದೊಡ್ಡಪ್ಪನವರು ಮತ್ತೆ ಮಾತನಾಡಲಿಲ್ಲ. ನಾವು ತರಬೇತಿ ಮುಗಿಸಿ 1989ರಲ್ಲಿ ಆಸ್ಪತ್ರೆಯ ಕೆಲಸಕ್ಕೆ ಸೇರಿದೆವು. ಒಂಬತ್ತು ವರ್ಷ ವಾರ್ಡಿನಲ್ಲಿ ದುಡಿದೆವು. ರಾತ್ರಿ ಪಾಳಿ, ಮೂವತ್ತು ಹಾಸಿಗೆಗೆ ಇಬ್ಬರೇ ಸಿಸ್ಟರುಗಳು, ಬೆಳಗಿನ ಜಾವ ಕಣ್ಣು ಮುಚ್ಚಿದ ರೋಗಿಯ ಮನೆಯವರಿಗೆ ಹೇಳಬೇಕಾದ ಮಾತು, ಇವೆಲ್ಲ ಆ ಒಂಬತ್ತು ವರ್ಷ ನಮಗೆ ದಿನನಿತ್ಯದ ಅನ್ನವಾಗಿದ್ದವು. ನಡುವೆ ರಜೆ ಪಡೆದು ಮೇಲಿನ ಓದನ್ನೂ ಮುಗಿಸಿದೆವು. 1998ರಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಬೋಧಕ ಹುದ್ದೆ ದೊರೆಯಿತು. ರಾತ್ರಿ ಪಾಳಿಯಿಲ್ಲ, ಭಾನುವಾರ ರಜೆ, ಸೀರೆಯುಟ್ಟು ಕೈಯಲ್ಲಿ ಪುಸ್ತಕ ಹಿಡಿದು ಹೋಗುವ ಕೆಲಸ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಅತ್ತೆಯವರು ಅಂದು ಹೋಳಿಗೆ ಮಾಡಿ ಬಡಿಸಿದರು. ಅವರ ಸಂತೋಷ ನಮ್ಮ ಸಂತೋಷವೂ ಆಗಿತ್ತೆಂಬುದನ್ನು ಮುಚ್ಚಿಡುವುದು ಬೇಡ.

ಅದೇ ಅತ್ತೆಯವರಿಗೆ 2014ರ ಮಳೆಗಾಲದಲ್ಲಿ ಪಾರ್ಶ್ವವಾಯು ತಗುಲಿತು. ಎಡಗೈ, ಎಡಗಾಲು ಬಿದ್ದುಹೋದವು. ಪುಣ್ಯಕ್ಕೆ ಮಾತು ಉಳಿದಿತ್ತು. ರಾಜಾಜಿನಗರದ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಐದನೆಯ ದಿನ ಮೈ ಒರೆಸಲು ಅವರನ್ನು ಪಕ್ಕಕ್ಕೆ ಹೊರಳಿಸಿದಾಗ ಸೊಂಟದ ಕೆಳಗೆ ಬೆನ್ನೆಲುಬಿನ ತುದಿಯಲ್ಲಿ ಅಂಗೈಯಗಲ ಕೆಂಪಾಗಿತ್ತು. ನಾವು ಹದಿನಾರು ವರ್ಷ ಪಾಠ ಹೇಳಿದವರಲ್ಲವೇ! ಸ್ಪಿರಿಟ್ ತರಿಸಿ, ಪೌಡರ್ ಹಾಕಿ, ಆ ಕೆಂಪಾದ ಜಾಗವನ್ನೇ ಗುಂಡಗೆ ಉಜ್ಜಲು ತೊಡಗಿದೆವು. ರಕ್ತಸಂಚಾರ ಹೆಚ್ಚುತ್ತದೆ, ಹಾಸಿಗೆ ಹುಣ್ಣು ಬರುವುದಿಲ್ಲ ಎಂದು ನಾವು ಕಲಿತಿದ್ದೆವು. ನೂರಾರು ಮಕ್ಕಳಿಗೆ ಹಾಗೆಯೇ ಬರೆಸಿದ್ದೆವು.

ಹಿಂದಿನಿಂದ ಒಂದು ಕೈ ಬಂದು ನಮ್ಮ ಮಣಿಕಟ್ಟನ್ನು ಮೆಲ್ಲನೆ ಹಿಡಿಯಿತು. ವಾರ್ಡಿನ ಸಿಸ್ಟರ್. ನಮ್ಮಲ್ಲಿಯೇ ಓದಿ 2006ರಲ್ಲಿ ಹೊರಹೋದ ಹುಡುಗಿ. "ಮೇಡಂ, ತಪ್ಪು ತಿಳಿಯಬೇಡಿ. ಕೆಂಪಾದ ಕಡೆ ಉಜ್ಜಬಾರದು. ಒಳಗಿನ ಮಾಂಸಖಂಡ ಈಗಾಗಲೇ ಸೋತಿರುತ್ತೆ, ಉಜ್ಜಿದರೆ ಇನ್ನಷ್ಟು ಹರಿಯುತ್ತೆ" ಎಂದಳು. ಆಮೇಲೆ ಅತ್ತೆಯವರ ಕಿವಿಯ ಬಳಿ ಬಾಗಿ, "ಅಜ್ಜೀ, ಸ್ವಲ್ಪ ಓರೆಯಾಗಿ ಮಲಗಿಸ್ತೀನಿ" ಎಂದು ಹೇಳಿ, ಬೆನ್ನಿಗೆ ಒಂದು ದಿಂಬು, ಮೊಣಕಾಲುಗಳ ನಡುವೆ ಒಂದು ದಿಂಬು ಕೊಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಮಡಿಸಿದ ಟವೆಲು ಇಟ್ಟಳು. ಬೆರಳಿನಿಂದ ಆ ಕೆಂಪು ಜಾಗವನ್ನು ಒತ್ತಿ ಬಿಟ್ಟು, "ನೋಡಿ ಮೇಡಂ, ಒತ್ತಿದಾಗ ಬಣ್ಣ ಬಿಳಿಚುತ್ತಿಲ್ಲ. ಇದು ಮೊದಲನೆಯ ಹಂತ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಉಳಿಸಿಕೊಳ್ಳಬಹುದು" ಎಂದಳು. ಬಳಿಕ ಬೆರಳುಗಳ ಹಿಂಬದಿಯನ್ನು ಆ ಜಾಗದ ಮೇಲೂ ಪಕ್ಕದ ಚರ್ಮದ ಮೇಲೂ ಇಟ್ಟು ಬಿಸಿಯನ್ನು ಹೋಲಿಸಿದಳು. "ನಮ್ಮ ಜನರ ಮೈಬಣ್ಣದಲ್ಲಿ ಕೆಂಪು ಎಷ್ಟೋ ಸಲ ಕಾಣೋದೇ ಇಲ್ಲ. ಪುಸ್ತಕದ ಚಿತ್ರಗಳೆಲ್ಲ ಬಿಳಿ ಚರ್ಮದವು. ಬಿಸಿ, ಗಡಸು ಇದನ್ನ ಕೈಯಲ್ಲೇ ತಿಳೀಬೇಕು" ಎಂದಳು.

ಆ ಹುಡುಗಿ ನಮ್ಮನ್ನು ಅವಮಾನಿಸಲಿಲ್ಲ. ಅಷ್ಟು ಮೃದುವಾಗಿ ತಿದ್ದಿದವರು ನಮ್ಮ ಜೀವನದಲ್ಲಿ ಕಡಿಮೆ. ಆದರೂ ಅಂದು ರಾತ್ರಿ ನಿದ್ರೆ ಬರಲಿಲ್ಲ. ಮನೆಗೆ ಬಂದು ನಮ್ಮ ಹಳದಿ ಬಣ್ಣಕ್ಕೆ ತಿರುಗಿದ ಟಿಪ್ಪಣಿ ಪುಸ್ತಕ ತೆರೆದೆವು. 'ಸ್ಪಿರಿಟ್ ಮತ್ತು ಪೌಡರಿನಿಂದ ಒತ್ತಡದ ಸ್ಥಳಗಳನ್ನು ಉಜ್ಜುವುದು' ಎಂಬ ಸಾಲು ನಮ್ಮದೇ ಅಕ್ಷರದಲ್ಲಿತ್ತು. ಹುಡುಕಿ ನೋಡಿದರೆ, ಎಲುಬು ಉಬ್ಬಿದ ಜಾಗಗಳ ಮೇಲೆ ಉಜ್ಜಬಾರದೆಂದು ಅಮೆರಿಕದ ಸರ್ಕಾರಿ ಮಾರ್ಗಸೂಚಿಯೊಂದು 1992ರಲ್ಲಿಯೇ ಹೇಳಿತ್ತು. 2009ರಲ್ಲಿ ಅಮೆರಿಕ ಮತ್ತು ಯುರೋಪಿನ ಎರಡು ತಜ್ಞಮಂಡಳಿಗಳು ಒಟ್ಟಾಗಿ ಹೊರಡಿಸಿದ ಮಾರ್ಗಸೂಚಿಯೂ ಅದನ್ನೇ ಹೇಳಿತ್ತು. ನಾವು ಆ ಮಧ್ಯೆ ಸ್ನಾತಕೋತ್ತರ ಪದವಿ ಪಡೆದಿದ್ದೆವು, ಸಮ್ಮೇಳನಗಳಿಗೆ ಹೋಗಿ ಬಂದಿದ್ದೆವು, ಲೇಖನಗಳನ್ನೂ ಪ್ರಕಟಿಸಿದ್ದೆವು. ಆ ಸಾಲು ಮಾತ್ರ ಹಾಗೆಯೇ ಉಳಿದಿತ್ತು. ತಪ್ಪು ಪುಸ್ತಕದ್ದಲ್ಲ, ಪುಸ್ತಕ ತಿದ್ದಿಕೊಂಡಿತ್ತು. ಆದರೆ ಆ ಸಾಲನ್ನು ಮತ್ತೊಮ್ಮೆ ಓದಿ ನೋಡುವ ಅಗತ್ಯವೇ ನಮಗೆ ಬಿದ್ದಿರಲಿಲ್ಲ. ನಮ್ಮ ಕೈಕೆಳಗೆ ಯಾರ ಬೆನ್ನೂ ಇರಲಿಲ್ಲವಲ್ಲ! ಹುಣ್ಣಾದ ಬೆನ್ನನ್ನು ದಿನವೂ ತೊಳೆಯುವವರಿಗೆ ಹೊಸ ಮಾತು ಬೇಗ ತಲುಪುತ್ತದೆ, ತಲುಪದಿದ್ದರೆ ಅವರೇ ಹುಡುಕಿಕೊಂಡು ಹೋಗುತ್ತಾರೆ.

ಇತಿಹಾಸವನ್ನು ನೋಡಿದರೆ ಈ ದೂರ ಮೊದಲಿನಿಂದ ಇದ್ದದ್ದಲ್ಲ. ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಶಾಲೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದಾಗ ವಾರ್ಡಿನ ಸಿಸ್ಟರುಗಳೇ ಗುರುಗಳಾಗಿದ್ದರು. ನಮ್ಮ ಊರಿನಲ್ಲಿಯೂ ಹಾಗೆಯೇ. 1886ರಲ್ಲಿ ಆರಂಭವಾದ ಸೇಂಟ್ ಮಾರ್ಥಾಸ್, 1900ರಲ್ಲಿ ತೆರೆದ ವಿಕ್ಟೋರಿಯಾ, ಆಮೇಲೆ ಬಂದ ವಾಣಿವಿಲಾಸ, ಇಂತಹ ಆಸ್ಪತ್ರೆಗಳ ವಾರ್ಡುಗಳಲ್ಲಿ ಹಿರಿಯರ ಕೈ ನೋಡಿ ಕಿರಿಯರು ಕಲಿತರು. ಅದರಲ್ಲಿ ದೋಷವೂ ಇತ್ತು. ಕಲಿಯಲು ಬಂದ ಹುಡುಗಿಯರನ್ನು ಸಂಬಳವಿಲ್ಲದ ಆಳುಗಳಂತೆ ದುಡಿಸಿಕೊಳ್ಳುತ್ತಿದ್ದರು. ಯಾಕೆ, ಏನು ಎಂದು ಕೇಳುವ ಸ್ವಾತಂತ್ರ್ಯವಿರಲಿಲ್ಲ. ಆದುದರಿಂದಲೇ ಶುಶ್ರೂಷೆಯ ಶಿಕ್ಷಣ ಆಸ್ಪತ್ರೆಯ ಹಿಡಿತದಿಂದ ಬಿಡಿಸಿಕೊಂಡು ಕಾಲೇಜಿನ ಗೌರವ ಪಡೆಯಬೇಕೆಂಬ ಹೋರಾಟ ನಡೆಯಿತು. ಆರೋಗ್ಯ ವ್ಯವಸ್ಥೆಯನ್ನು ಕುರಿತು ಭೋರ್ ಸಮಿತಿಯ ವರದಿ ಬಂದ 1946ರಲ್ಲಿಯೇ ದೆಹಲಿಯಲ್ಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. ಮರುವರ್ಷ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದಿತು. ನಮ್ಮ ರಾಜ್ಯದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆರಂಭವಾದ ನಂತರ ನರ್ಸಿಂಗ್ ಕಾಲೇಜುಗಳ ಸಂಖ್ಯೆ ಬಹುಬೇಗ ಬೆಳೆಯಿತು. ಮಾಗಡಿ ರಸ್ತೆ, ನಾಗರಬಾವಿ, ಕೆಂಗೇರಿಯ ಕಡೆ ಬೆಳಿಗ್ಗೆ ಏಳಕ್ಕೆ ನಿಂತು ನೋಡಿದರೆ ಬಿಳಿಯ ಸಮವಸ್ತ್ರದ ಮಕ್ಕಳನ್ನು ತುಂಬಿಕೊಂಡ ಕಾಲೇಜು ಬಸ್ಸುಗಳು ಒಂದರ ಹಿಂದೆ ಒಂದು ಸಾಗುತ್ತವೆ. ನಮ್ಮ ಜಿಲ್ಲೆಗಳ ಮಕ್ಕಳ ಜೊತೆಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳೂ ಇದ್ದಾರೆ.

ಮಕ್ಕಳು ವಾರ್ಡಿಗೆ ಹೋಗುತ್ತಾರೆ. ಅವರ ಜೊತೆಗೆ ಬೋಧಕರೂ ಹೋಗುತ್ತಾರೆ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕೆಂದು ನರ್ಸಿಂಗ್ ಪರಿಷತ್ತು ನಿಯಮ ಮಾಡಿದೆ. ಆದರೆ ಜೊತೆಗೆ ಹೋಗುವುದು ಬೇರೆ, ಕೆಲಸ ಮಾಡುವುದು ಬೇರೆ. ನಾವು ಹದಿನಾರು ವರ್ಷ ವಾರ್ಡಿಗೆ ಹೋಗಿದ್ದೆವು. ಹಾಜರಿ ಹಿಡಿದೆವು, ಕೇಸ್ ಷೀಟಿಗೆ ಸಹಿ ಹಾಕಿದೆವು, ಹಾಸಿಗೆಯ ಕಾಲಿನ ಬಳಿ ನಿಂತು ಪ್ರಶ್ನೆ ಕೇಳಿದೆವು. ರೋಗಿಯ ಹೊಣೆ ಮಾತ್ರ ಒಂದು ದಿನವೂ ನಮ್ಮದಾಗಿರಲಿಲ್ಲ. ಅದು ವಾರ್ಡಿನ ಸಿಸ್ಟರದು. ಹೀಗಾಗಿ ವಾರ್ಡಿನವರು ನಮ್ಮನ್ನು 'ಕಾಲೇಜಿನವರು' ಎಂದರು, ನಾವು ಅವರನ್ನು 'ಆಸ್ಪತ್ರೆಯವರು' ಎಂದೆವು. ನಡುವೆ ನಿಂತ ಮಕ್ಕಳು ತರಗತಿಯಲ್ಲಿ ಒಂದು ವಿಧಾನ, ವಾರ್ಡಿನಲ್ಲಿ ಇನ್ನೊಂದು ವಿಧಾನ ಕಲಿತು, ಪರೀಕ್ಷೆಗೆ ಒಂದನ್ನೂ ಬದುಕಿಗೆ ಇನ್ನೊಂದನ್ನೂ ಇಟ್ಟುಕೊಂಡರು.

ಅತ್ತೆಯವರು ಮನೆಗೆ ಬಂದ ಮೇಲೆ ನಾವು ಒಂದು ನಿರ್ಧಾರಕ್ಕೆ ಬಂದೆವು. 2015ರ ಜನವರಿಯಿಂದ, ನಮ್ಮ ಮಕ್ಕಳು ಹೋಗುವ ಆಸ್ಪತ್ರೆಯ ಅನುಮತಿ ಪಡೆದು, ಪ್ರತಿ ಶನಿವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಔಷಧ ವಿಭಾಗದ ವಾರ್ಡಿನಲ್ಲಿ ಸಿಸ್ಟರುಗಳ ಜೊತೆ ದುಡಿಯತೊಡಗಿದೆವು. ನಾಲ್ಕು ಹಾಸಿಗೆಗಳ ಹೊಣೆ. ಸಂಬಳವಿಲ್ಲ, ಕಾಲೇಜಿನಲ್ಲಿ ಪಾಠದ ಹೊರೆ ಕಡಿಮೆಯೂ ಆಗಲಿಲ್ಲ.

ಮೊದಲ ಶನಿವಾರ ಸಿರಿಂಜ್ ಪಂಪಿನ ಗುಂಡಿ ಯಾವುದೆಂದು ತಿಳಿಯದೆ ನಿಂತೆವು. ಹಿಂದೆ ನಿಂತಿದ್ದ ಮೂರನೆಯ ವರ್ಷದ ಹುಡುಗಿಯೊಬ್ಬಳು ಮುಂದೆ ಬಂದು ತೋರಿಸಿದಳು. ಆಯಾ ಒಬ್ಬರು, "ಮೇಡಮ್ನೋರೆ, ಮಗ್ಗಲು ಮಾಡ್ಸೋದು ಹಂಗಲ್ಲ, ನಿಮ್ಮ ಸೊಂಟ ಹೋಯ್ತದೆ" ಎಂದು ನಕ್ಕರು. ಅವರು ಹೇಳಿದ್ದೂ ಸರಿಯೇ. ಮರುವರ್ಷ ಜೈವಿಕ ವೈದ್ಯಕೀಯ ತ್ಯಾಜ್ಯದ ಹೊಸ ನಿಯಮಗಳು ಬಂದವು. ಯಾವ ತ್ಯಾಜ್ಯ ಯಾವ ಬಣ್ಣದ ಚೀಲಕ್ಕೆ, ಸೂಜಿ ಯಾವ ಬಿಳಿಯ ಡಬ್ಬಿಗೆ ಎಂಬುದು ವಾರ್ಡಿನಲ್ಲಿ ಕೈಗೆ ಅಭ್ಯಾಸವಾದ ಎಷ್ಟೋ ದಿನಗಳ ಮೇಲೆ ಕಾಲೇಜಿನ ಗೋಡೆಯ ಹಳೆಯ ಚಿತ್ರಪಟ ಇಳಿಯಿತು. ಅದನ್ನು ಇಳಿಸಿದವರು ನಾವೇ.

ಆದರೆ ಪಂಪು, ಡಬ್ಬಿಗಳಿಗಿಂತ ದೊಡ್ಡ ಬದಲಾವಣೆ ಇನ್ನೊಂದಿತ್ತು. ನಮಗೂ ಬಾರದ್ದು ಇದೆಯೆಂದು ಕಂಡ ಮೇಲೆ ಮಕ್ಕಳು ಮಾತನಾಡತೊಡಗಿದರು. ಒಂದು ಶನಿವಾರ ಎರಡನೆಯ ವರ್ಷದ ಹುಡುಗಿಯೊಬ್ಬಳು ನಡುಗುತ್ತ ಬಂದು, ಏಳನೆಯ ಹಾಸಿಗೆಯ ಮಾತ್ರೆಯನ್ನು ಎಂಟನೆಯ ಹಾಸಿಗೆಯವರಿಗೆ ಕೊಟ್ಟುಬಿಟ್ಟೆನೆಂದು ಹೇಳಿದಳು. ಅದೃಷ್ಟವಶಾತ್ ಅದು ವಿಟಮಿನ್ ಮಾತ್ರೆ. ಡಾಕ್ಟರಿಗೆ ತಿಳಿಸಿದೆವು, ರೋಗಿಗೂ ಹೇಳಿದೆವು. ಆ ಮೇಲೆ ನೋಡಿದರೆ ಎರಡೂ ಹಾಸಿಗೆಯವರ ಹೆಸರು ಒಂದೇ. ಅಂದಿನಿಂದ ಹೆಸರಿನ ಜೊತೆಗೆ ಆಸ್ಪತ್ರೆಯ ಸಂಖ್ಯೆಯನ್ನೂ ಕೇಳಿ ನೋಡಿ ಕೊಡುವುದನ್ನು ಆ ವಾರ್ಡಿನಲ್ಲಿ ಕಡ್ಡಾಯ ಮಾಡಿದರು. "ಇದನ್ನು ಮೊದಲೇ ಹೇಳುತ್ತಿದ್ದೆಯಾ?" ಎಂದು ಕೇಳಿದ್ದಕ್ಕೆ ಆ ಮಗು ತಲೆ ತಗ್ಗಿಸಿ, "ಇಲ್ಲ ಮೇಡಂ. ಮೊದಲು ನೀವು ಇಂಟರ್ನಲ್ ಮಾರ್ಕ್ಸ್ ಕೊಡೋರು" ಎಂದಿತು. ಹದಿನಾರು ವರ್ಷದಲ್ಲಿ ಇಂತಹ ಎಷ್ಟು ಮಾತ್ರೆಗಳು ನಮಗೆ ತಿಳಿಯದೆ ಹೋಗಿರಬಹುದು ಎಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಆ ವರ್ಷದ ಕೊನೆಯಲ್ಲಿ ಬೋಧಕರ ವಾರ್ಷಿಕ ಮೌಲ್ಯಮಾಪನದ ನಮೂನೆ ಬಂದಿತು. ಪ್ರಕಟಿಸಿದ ಲೇಖನಗಳಿಗೆ ಅಂಕ, ಭಾಗವಹಿಸಿದ ಸಮ್ಮೇಳನಗಳಿಗೆ ಅಂಕ, ಪಿಎಚ್.ಡಿ. ನೋಂದಣಿಗೆ ಅಂಕ, ಕಾಲೇಜಿನ ಸಮಿತಿಗಳಿಗೆ ಅಂಕ. ವಾರ್ಡಿನ ಕೆಲಸಕ್ಕೆ ಕಲಮೇ ಇರಲಿಲ್ಲ. 'ಇತರೆ' ಎಂಬಲ್ಲಿ ನಮ್ಮ ಶನಿವಾರಗಳನ್ನೆಲ್ಲ ಲೆಕ್ಕಹಾಕಿ ಬರೆದೆವು. ಅದರ ಎದುರಿಗೆ ಒಂದು ಅಡ್ಡಗೆರೆ ಬಂತು. ಮುಂದಿನ ಹುದ್ದೆ ನಮಗಿಂತ ಕಿರಿಯರೊಬ್ಬರಿಗೆ ಹೋಯಿತು. ಅವರು ಯೋಗ್ಯರಲ್ಲವೆಂದು ನಾವು ಹೇಳುವುದಿಲ್ಲ. ಆದರೆ ನೋವಾಗಲಿಲ್ಲವೆಂದರೆ ಅದು ಸುಳ್ಳಾಗುತ್ತದೆ.

ಪ್ರಾಂಶುಪಾಲರ ಬಳಿ ಹೋಗಿ ಕೇಳಿದೆವು. ಅವರು ಕೋಪಿಸಿಕೊಳ್ಳಲಿಲ್ಲ. "ನೀವು ಮಾಡುತ್ತಿರುವುದು ಒಳ್ಳೆಯ ಕೆಲಸ ಅಂತ ನನಗೂ ಗೊತ್ತು. ಆದರೆ ಲೇಖನವನ್ನು ಎಣಿಸಬಹುದು, ಶನಿವಾರವನ್ನು ಹೇಗೆ ಅಳೆಯಲಿ? ವಾರ್ಡಿನಲ್ಲಿ ನಿಮ್ಮಿಂದ ಏನಾದರೂ ತಪ್ಪಾದರೆ ಹೊಣೆ ಕಾಲೇಜಿನದೋ ಆಸ್ಪತ್ರೆಯದೋ? ಎಲ್ಲ ಬೋಧಕರೂ ಹೀಗೆ ಹೊರಟರೆ ಪಾಠ ಯಾರು ಮಾಡುತ್ತಾರೆ? ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಶನಿವಾರವೂ ದುಡಿಯಿರಿ ಅಂತ ಹೇಳಲಿಕ್ಕಾಗುತ್ತದೆಯೇ?" ಎಂದರು. ನಾಲ್ಕು ಪ್ರಶ್ನೆಗಳೂ ನ್ಯಾಯವಾದವುಗಳೇ. ನಾವು ಉತ್ತರವಿಲ್ಲದೆ ಎದ್ದು ಬಂದೆವು. ಮುಂದಿನ ಕೆಲವು ತಿಂಗಳು ಅವುಗಳಿಗೆ ಉತ್ತರ ಹುಡುಕುವುದೇ ನಮ್ಮ ಓದಾಯಿತು.

ಹುಡುಕಿದಾಗ ಈ ಚಿಂತೆ ನಮಗೊಬ್ಬರಿಗೇ ಬಂದದ್ದಲ್ಲವೆಂದು ತಿಳಿಯಿತು. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ನರ್ಸಿಂಗ್ ಬೋಧಕರು ಆಸ್ಪತ್ರೆಯ ಸೇವೆಯ ಹೊಣೆಯನ್ನೂ ಹೊರುವ ಪದ್ಧತಿ ಇದೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಲೊರೆಟ್ಟಾ ಫೋರ್ಡ್ ಅವರೂ, ಶಿಕಾಗೋದ ರಶ್ ವಿಶ್ವವಿದ್ಯಾಲಯದಲ್ಲಿ ಲೂಥರ್ ಕ್ರಿಸ್ಟ್‌ಮನ್ ಅವರೂ ಶಿಕ್ಷಣ ಮತ್ತು ಸೇವೆಯನ್ನು ಒಂದುಗೂಡಿಸುವ ವ್ಯವಸ್ಥೆ ಕಟ್ಟಿದರು. ಇಂತಹ ಕಡೆ ಒಂದೇ ಹುದ್ದೆಗೆ ಎರಡು ಹೊಣೆ. ಯಾವುದಕ್ಕೆ ಎಷ್ಟು ಸಮಯ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬಿಡುವಿನ ದಿನದಲ್ಲಿ ಮಾಡುವ ಉಪಕಾರವಾಗಿ ಅಲ್ಲ, ಕೆಲಸದ ಭಾಗವಾಗಿ ಮಾಡಬೇಕು ಎಂಬುದು ಇದರ ಸಾರ. ಚಿಕ್ಕ ಮಕ್ಕಳ ತಾಯಂದಿರ ಪ್ರಶ್ನೆಗೂ, ಹೊಣೆ ಯಾರದೆಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ.

ಅಳತೆಯ ಪ್ರಶ್ನೆಗೂ ಉತ್ತರವಿದೆ. ಅರ್ನೆಸ್ಟ್ ಬೋಯರ್ ಎಂಬ ಶಿಕ್ಷಣತಜ್ಞರು 1990ರಲ್ಲಿ, ವಿದ್ವತ್ತು ಎಂದರೆ ಹೊಸ ಸಂಶೋಧನೆ ಮಾತ್ರವಲ್ಲ. ಜ್ಞಾನವನ್ನು ಜೋಡಿಸುವುದು, ಅದನ್ನು ಬಳಕೆಗೆ ತರುವುದು, ಕಲಿಸುವುದು ಇವೂ ವಿದ್ವತ್ತೇ ಎಂದು ವಾದಿಸಿದರು. 1999ರಲ್ಲಿ ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ ಇದೇ ಹಾದಿಯಲ್ಲಿ, ರೋಗಿಯ ಆರೈಕೆಯಲ್ಲಿನ ಪರಿಣತಿಯನ್ನೂ ಬೋಧಕರ ವಿದ್ವತ್ತೆಂದು ಗಣಿಸಬೇಕೆಂದಿತು. ಆದರೆ ಸುಮ್ಮನೆ ಹಾಜರಿಗೆ ಅಂಕ ಕೊಡಬೇಕೆಂದಲ್ಲ. ವಾರ್ಡಿನಲ್ಲಿ ದುಡಿದವರು ಅಲ್ಲಿ ಏನು ಬದಲಾಯಿತೆಂಬುದನ್ನು ಬರೆದಿಡಬೇಕು, ಅದನ್ನು ಬಲ್ಲವರು ಪರಿಶೀಲಿಸಬೇಕು, ಅದು ತರಗತಿಗೆ ಮರಳಿ ಬರಬೇಕು. ಇವು ಮೂರೂ ಎಣಿಸಲು ಬರುವಂಥವೇ.

ಇನ್ನೊಂದು ಲೆಕ್ಕವನ್ನೂ ಓದುಗರು ಗಮನಿಸಬೇಕು. 2021ರಲ್ಲಿ ನರ್ಸಿಂಗ್ ಪರಿಷತ್ತು ಪದವಿ ಶಿಕ್ಷಣಕ್ಕೆ ಹೊಸ ನಿಯಮಾವಳಿ ತಂದು ಸೆಮಿಸ್ಟರ್ ಪದ್ಧತಿ ಮಾಡಿತು. ಅದರ ಪ್ರಕಾರ ತರಗತಿಯ 20 ಗಂಟೆಗೆ ಒಂದು ಕ್ರೆಡಿಟ್, ವಾರ್ಡಿನ 80 ಗಂಟೆಗೆ ಒಂದು ಕ್ರೆಡಿಟ್. ವಿದ್ಯಾರ್ಥಿಗಳು ವಾರ್ಡಿನಲ್ಲಿ ಹೆಚ್ಚು ಗಂಟೆ ಕಳೆಯಲೆಂಬ ಸದುದ್ದೇಶ ಅದರಲ್ಲಿರಬಹುದು. ಆದರೂ ವಾರ್ಡಿನ ನಾಲ್ಕು ಗಂಟೆ ತರಗತಿಯ ಒಂದು ಗಂಟೆಗೆ ಸಮ ಎಂದು ಕಾಗದದ ಮೇಲೆ ಕಂಡ ಮಗು ಯಾವುದನ್ನು ದೊಡ್ಡದೆಂದುಕೊಳ್ಳುತ್ತದೆ? ಮಗುವಿನ ಮಾತಿರಲಿ, ಅದರ ಬೋಧಕರು ಯಾವುದನ್ನು ದೊಡ್ಡದೆಂದುಕೊಳ್ಳುತ್ತಾರೆ?

ಅದೇ 2021ರ ಏಪ್ರಿಲ್, ಮೇ ತಿಂಗಳುಗಳನ್ನು ಯಾರೂ ಮರೆತಿರಲಾರರು. ಕೋವಿಡ್‌ನ ಎರಡನೆಯ ಅಲೆ. ಪಶ್ಚಿಮ ಬೆಂಗಳೂರಿನ ಬೀದಿಗಳಲ್ಲಿ ಹಗಲಿರುಳೂ ಆಂಬುಲೆನ್ಸಿನ ಸದ್ದು. ನರ್ಸಿಂಗ್ ಪದವಿ, ಡಿಪ್ಲೊಮಾ ಪಡೆದವರನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಕೋವಿಡ್ ಶುಶ್ರೂಷೆಗೆ ತೊಡಗಿಸಬಹುದೆಂದು ಕೇಂದ್ರ ಸರ್ಕಾರ ಮೇ ತಿಂಗಳಲ್ಲಿ ಪ್ರಕಟಿಸಿತು. ನಮ್ಮ ಕಾಲೇಜಿಗೂ ಆಸ್ಪತ್ರೆಯಿಂದ ಕರೆ ಬಂತು: ಕೈ ಆಡುವ ಬೋಧಕರು ಎಷ್ಟು ಮಂದಿ ಇದ್ದೀರಿ? ಆ ದಿನ ಯಾರೂ ಯಾರ ಲೇಖನಗಳನ್ನೂ ಎಣಿಸಲಿಲ್ಲ. ಹೋಗಬೇಕೆಂಬ ಮನಸ್ಸಿದ್ದವರು ಹಲವರು. ಆದರೆ ಎಷ್ಟೋ ವರ್ಷ ಆಮ್ಲಜನಕದ ಮಾಸ್ಕನ್ನೇ ಮುಟ್ಟದವರು ಅಂಜಿದರು. ಆ ಅಂಜಿಕೆ ಅವರ ತಪ್ಪಲ್ಲ. ನಾವು ಮತ್ತು ಇನ್ನಿಬ್ಬರು ಹೋದೆವು. ಆ ವೇಳೆಗೆ ವಯಸ್ಸು ಐವತ್ತು ದಾಟಿತ್ತು, ಮನೆಯಲ್ಲಿ ಬೇಡವೆಂದರು. ಆದರೆ ಕಲಿಸಿದ ಮಕ್ಕಳು ಆ ಪಿ.ಪಿ.ಇ. ಉಡುಪಿನೊಳಗೆ ಬೆವರುತ್ತಿರುವಾಗ ಮನೆಯಲ್ಲಿ ಕೂರುವುದು ಹೇಗೆ? ಉಸಿರಿಗೆ ಕಷ್ಟಪಡುವವರನ್ನು ಬೋರಲು ಮಲಗಿಸುವುದನ್ನು ನಮಗೆ ಅಲ್ಲಿ ತೋರಿಸಿಕೊಟ್ಟವಳು ಮೊದಲು ನಮ್ಮ ಮಣಿಕಟ್ಟು ಹಿಡಿದ ಅದೇ ಸಿಸ್ಟರ್. ಆಗ ಅವಳು ಆ ಆಸ್ಪತ್ರೆಗೆ ಬಂದಿದ್ದಳು.

ಆ ಬೇಸಗೆ ಕಳೆದ ಮೇಲೆ ಕಾಲೇಜಿನ ಆಡಳಿತ ಮಂಡಳಿ ಒಂದು ಸಣ್ಣ ಮಾರ್ಪಾಡು ಮಾಡಿತು. ಪ್ರತಿ ಸೆಮಿಸ್ಟರಿನಲ್ಲಿ ಇಬ್ಬರು ಬೋಧಕರು ವಾರಕ್ಕೆ ಅರ್ಧ ದಿನ ವಾರ್ಡಿನಲ್ಲಿ ರೋಗಿಗಳ ಹೊಣೆ ಹೊತ್ತು ದುಡಿಯಬೇಕು. ಅದನ್ನು ಪಾಠದ ಗಂಟೆಯೆಂದೇ ಲೆಕ್ಕ ಹಿಡಿಯಬೇಕು. ನರ್ಸಿಂಗ್ ಸೂಪರಿಂಟೆಂಡೆಂಟರ ಸಹಿಯುಳ್ಳ ವರದಿ ಮೌಲ್ಯಮಾಪನದ ನಮೂನೆಗೆ ಸೇರಬೇಕು. ಇಬ್ಬರೇ, ಅರ್ಧವೇ ದಿನ. ಪದೋನ್ನತಿಯ ಅಂಕಗಳಲ್ಲಿ ಲೇಖನದ ತೂಕವೇ ಇನ್ನೂ ಹೆಚ್ಚು. ಆದರೂ ನಮೂನೆಯಲ್ಲಿ ಒಂದು ಕಲಮು ಹುಟ್ಟಿತು. 2023ರಲ್ಲಿ ನಾವು ಸ್ವಂತ ಇಚ್ಛೆಯಿಂದ ನಿವೃತ್ತರಾದಾಗ ಆ ಕಲಮನ್ನು ತುಂಬಲು ಮುಂದೆ ಬಂದವರಲ್ಲಿ ಅಂದು ಅಂಜಿದವರೂ ಇದ್ದರು. ಅದೇ ವರ್ಷ ಸಂಸತ್ತು 1947ರ ಕಾಯಿದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಹೊಸ ವ್ಯವಸ್ಥೆ ಕಟ್ಟುವವರು ಬೋಧಕರ ಕೈಗೆ ಎಷ್ಟು ಬೆಲೆ ಕಟ್ಟುತ್ತಾರೆಂಬುದರ ಮೇಲೆ ಮುಂದಿನ ಮಕ್ಕಳ ಕಲಿಕೆ ನಿಂತಿದೆ.

ಈ ಪತ್ರಿಕೆಯ ಓದುಗರಿಗೆ ಇದೆಲ್ಲ ಯಾಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ಶಿಕ್ಷಣ ಸಂಸ್ಥೆಗಳನ್ನು ಕಟ್ಟುವುದರಲ್ಲಿ ನಮ್ಮ ಸಮಾಜ ಹಿಂದೆ ಬಿದ್ದಿಲ್ಲ. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟುಹಾಕಿದವರು ಏಳು ಮಂದಿ ಶಿಕ್ಷಕರು. ಇಂದು ಬೆಳಗಾವಿಯ ಕೆ.ಎಲ್.ಇ., ಮೈಸೂರಿನ ಜೆ.ಎಸ್.ಎಸ್. ಸಂಸ್ಥೆಗಳಲ್ಲಿ ನರ್ಸಿಂಗ್ ಕಾಲೇಜೂ ಇದೆ, ದೊಡ್ಡ ಆಸ್ಪತ್ರೆಯೂ ಇದೆ. ಒಂದೇ ಆಡಳಿತದಡಿ ಎರಡೂ ಇರುವ ಕಡೆ ಬೋಧಕರ ಕೈಯನ್ನು ಹಾಸಿಗೆಯ ಬದಿಗೆ ತರುವುದು ಇತರರಿಗಿಂತ ಸುಲಭ. ಸಂಸ್ಥೆಗಳ ಧರ್ಮದರ್ಶಿಗಳೂ, ಸಮಿತಿಗಳಲ್ಲಿರುವ ಹಿರಿಯರೂ ಈ ಪುಟಗಳನ್ನು ಓದುತ್ತಾರೆಂದು ನಾವು ಬಲ್ಲೆವು. ತಮ್ಮ ಸಂಸ್ಥೆಯ ಮೌಲ್ಯಮಾಪನದ ನಮೂನೆಯನ್ನು ಒಮ್ಮೆ ತರಿಸಿ ನೋಡಬೇಕೆಂದು ಅವರಲ್ಲಿ ವಿನಂತಿ. ಮಕ್ಕಳನ್ನು ನರ್ಸಿಂಗಿಗೆ ಸೇರಿಸುವ ತಂದೆತಾಯಿಗಳೂ ಕಟ್ಟಡ, ಹಾಸ್ಟೆಲು, ವಿದೇಶದ ಕೆಲಸಗಳ ವಿಚಾರ ಕೇಳುವಾಗ ಇನ್ನೊಂದು ಪ್ರಶ್ನೆ ಕೇಳಲಿ: 'ನಿಮ್ಮ ಬೋಧಕರು ವಾರದಲ್ಲಿ ಯಾವ ದಿನ ವಾರ್ಡಿನಲ್ಲಿ ಕೆಲಸ ಮಾಡುತ್ತಾರೆ?'

ಶರಣರ ನಡುವೆ ವೈದ್ಯ ಸಂಗಣ್ಣನಿದ್ದ. ವೈದ್ಯಕಾಯಕ ಮಾಡುತ್ತಲೇ ಆತ ವಚನಗಳನ್ನು ಬರೆದ. ಆತನ ವಚನಗಳಲ್ಲಿ ರೋಗ, ಔಷಧಿಗಳ ಭಾಷೆಯೇ ಅನುಭಾವದ ಭಾಷೆಯಾಯಿತು. ಅನುಭವ ಮಂಟಪದ ಹಿರಿಮೆಯೇ ಅದು. ಅಲ್ಲಿ ಮಾತನಾಡಿದವರು ಕಾಯಕ ಬಿಟ್ಟು ಬಂದವರಲ್ಲ, ಕಾಯಕದಿಂದ ಎದ್ದು ಬಂದವರು. ಮಾತು ಮುಗಿದ ಮೇಲೆ ಕಾಯಕಕ್ಕೇ ಮರಳಿದವರು. ನುಡಿಗೂ ನಡೆಗೂ ನಡುವೆ ಅಂತರ ಬೀಳಬಾರದೆಂದು ನಾವು ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುತ್ತೇವೆ. ಅದೇ ಮಾತನ್ನು ಪಾಠ ಹೇಳುವವರಿಗೂ ಅನ್ವಯಿಸಿಕೊಂಡರೆ ಅದು ಹೊಸ ಸುಧಾರಣೆಯೇನೂ ಅಲ್ಲ, ಹಳೆಯ ದಾರಿಗೆ ಮರಳಿದಂತೆ.

ನಮ್ಮ ಅತ್ತೆಯವರು ಪಾರ್ಶ್ವವಾಯುವಿನ ನಂತರ ಎರಡು ವರ್ಷ ಬದುಕಿದರು. ಮಲಗಿದಲ್ಲಿಯೇ ಇದ್ದರೂ ಅವರ ಬೆನ್ನಿಗೆ ಹುಣ್ಣಾಗಲಿಲ್ಲ. ಮನೆಯವರೆಲ್ಲ ಸರದಿಯ ಮೇಲೆ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸುತ್ತಿದ್ದೆವು; ಅಡುಗೆಮನೆಯ ಬಾಗಿಲಿಗೆ ಸಮಯದ ಪಟ್ಟಿ ಅಂಟಿಸಿದ್ದೆವು. ಯಾವ ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದಾರೋ ಅವರು ಇಷ್ಟನ್ನು ನೆನಪಿಟ್ಟುಕೊಂಡರೆ ಈ ಬರಹ ಸಾರ್ಥಕ: ಕೆಂಪಾದ ಜಾಗವನ್ನು ಉಜ್ಜಬೇಡಿ, ಅಲ್ಲಿ ಭಾರ ಬೀಳದಂತೆ ಮಾಡಿ, ಹಿಮ್ಮಡಿಯನ್ನು ಮರೆಯಬೇಡಿ, ಕಣ್ಣಿನ ಜೊತೆಗೆ ಕೈಯಿಂದಲೂ ನೋಡಿ. ಶನಿವಾರ ವಾರ್ಡಿನಿಂದ ಮನೆಗೆ ಬಂದು ಅವರನ್ನು ಹೊರಳಿಸುವಾಗ ಅತ್ತೆಯವರು ಒಮ್ಮೆ, "ಮೊದ್ಲು ನಿನ್ನ ಕೈ ಹೆದರ್ತಿತ್ತು ಕಣಮ್ಮ, ಈಗ ಹೆದರಲ್ಲ" ಎಂದರು. ಹೋಳಿಗೆ ಮಾಡಿ ಬಡಿಸಿದ ದಿನ ಅವರ ಮುಖದಲ್ಲಿ ಕಂಡಿದ್ದ ಸಂತೋಷವೇ ಅಂದೂ ಕಂಡಿತು.